ಮೂರು ಅಂಗಿಯ ಮನುಷ್ಯ

ನಮ್ಮೂರ ಬಸ್ ಸ್ಟ್ಯಾಂಡಿನ ಮೂಲೆಯ ಟೀ ಅಂಗಡಿ ಮುಂದೆ ಒಬ್ಬಾತ ಇದ್ದಾನೆ. ಏಪ್ರಿಲ್ ಬಿಸಿಲಲ್ಲೂ ಮೈಮೇಲೆ ಮೂರು ಅಂಗಿ. ಮೊದಮೊದಲು ನಾನೂ ಅದನ್ನು ತಲೆ ಕೆಟ್ಟಿರುವುದರ ಗುರುತು ಎಂದೇ ತಿಳಿದಿದ್ದೆ. ಆದರೆ ಬೀರು ಇಲ್ಲದವನು ಬಟ್ಟೆಯನ್ನು ಇನ್ನೆಲ್ಲಿಡಬೇಕು? ಬಿಚ್ಚಿಟ್ಟರೆ ಬೆಳಗಾಗುವಷ್ಟರಲ್ಲಿ ಮಾಯ. ಅಂಗಡಿ ಬಾಗಿಲು ತೆಗೆಯುವ ಮುಂಚೆಯೇ ಆತ ಎದುರಿನ ಜಾಗ ಗುಡಿಸಿರುತ್ತಾನೆ. ಅಂಗಡಿಯವರು ಒಂದು ಲೋಟ ಟೀ, ಎರಡು ಬನ್ನು ಕೊಡುತ್ತಾರೆ. ಆಮೇಲೆ ಆತ ಲೈಟು ಕಂಬದ ಜೊತೆ ಮಾತಿಗೆ ನಿಲ್ಲುತ್ತಾನೆ.

“ಹೋದ ಅಮಾಸೆ ಹೊತ್ತಿಗೆ ಒಂದು ವ್ಯಾನ್ ಬಂತು ಸಾರ್, ಎತ್ತಾಕ್ಕೊಂಡು ಹೋದ್ರು. ಹದಿನೈದು ದಿನಕ್ಕೆ ವಾಪಸ್ ಬಂದ, ತಲೆ ಬೋಳಿಸಿದ್ರು. ಮಾತ್ರೆ ಕೊಟ್ಟು ಕಳಿಸಿದ್ರೆ ನಾನೇ ದಿನಾ ಟೀ ಜೊತೆ ನುಂಗಿಸ್ತಿದ್ದೆ.”

ಹೀಗೆ ಹೇಳಿದ ಅಂಗಡಿಯವರಿಗೂ ವ್ಯಾನ್ ಯಾರದೆಂದು ಗೊತ್ತಿಲ್ಲ. ನಮ್ಮ ರಾಜ್ಯದಲ್ಲಿ ಇಂಥವನ ಹಣೆಬರಹ ಯಾವ ಕಾನೂನು ಮೊದಲು ಬಂದು ಮುಟ್ಟುತ್ತದೆ ಎಂಬುದರ ಮೇಲಿದೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ ಬಂದರೆ, ಕೈ ಚಾಚಿದ ತಪ್ಪಿಗೆ ಆತ ಭಿಕ್ಷುಕ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂದರೆ ಆತ ರೋಗಿ. ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುವವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ತಲುಪಿಸುವುದು ಠಾಣಾಧಿಕಾರಿಯ ಕರ್ತವ್ಯ ಎನ್ನುತ್ತದೆ ಅದರ 100ನೇ ಸೆಕ್ಷನ್. ಲಾಕಪ್ಪಿಗೆ ಹಾಕುವಂತಿಲ್ಲ. ಕಾಣೆಯಾದವರೆಂದು ಎಫ್‌ಐಆರ್ ಹಾಕಿ ಮನೆಯವರನ್ನು ಹುಡುಕಬೇಕು.

ಇನ್ನೊಂದು ವಿಷಯ. ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ. ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 3ರಂತೆ ಭಿಕ್ಷುಕರ ಕರ ಇದೆ. ಈತನ ಹೆಸರಲ್ಲಿ ನೀವೂ ನಾನೂ ವರ್ಷವರ್ಷವೂ ದುಡ್ಡು ಕಟ್ಟುತ್ತಲೇ ಇದ್ದೇವೆ. ಅದರಲ್ಲಿ ಒಂದು ಪಾಲು ಈ ಟೀ ಅಂಗಡಿಯವರೆಗೆ ಮಾತ್ರೆಯಾಗಿ ಬರಬಾರದೇಕೆ?

ಎತ್ತಿಕೊಂಡು ಹೋಗುವುದು ಸುಲಭ. ಸ್ನಾನ ಮಾಡಿಸಿ, ಗಡ್ಡ ತೆಗೆಸಿ, ಹಿಂದಿನದೊಂದು ಈಗಿನದೊಂದು ಫೋಟೊ ಜೋಡಿಸಿ ಹಾಕಿದರೆ ಲೈಕುಗಳ ಸುರಿಮಳೆ. ಆ ಫೋಟೊಗಳ ಮೇಲೆ ನನಗೆ ಅಷ್ಟೇನೂ ನಂಬಿಕೆಯಿಲ್ಲ. ಸ್ಕಿಜೋಫ್ರೇನಿಯಾದಂಥ ಮನೋರೋಗಕ್ಕೆ ಕ್ಷೌರ ಮದ್ದಲ್ಲ.

ಮುಂಬೈಯ ಮನೋವೈದ್ಯ ಭರತ್ ವಾಟ್ವಾನಿ ಮತ್ತವರ ಪತ್ನಿ ಸ್ಮಿತಾ ಒಮ್ಮೆ ರಸ್ತೆಬದಿಯಲ್ಲಿ ಚರಂಡಿ ನೀರನ್ನು ತೆಂಗಿನ ಚಿಪ್ಪಿನಲ್ಲಿ ಮೊಗೆದು ಕುಡಿಯುತ್ತಿದ್ದ ಹುಡುಗನನ್ನು ಕಂಡರು. ಕರೆದೊಯ್ದು ಚಿಕಿತ್ಸೆ ಕೊಟ್ಟ ಮೇಲೆ ತಿಳಿದದ್ದು, ಆತ ಆಂಧ್ರದ ಪದವೀಧರ, ಲ್ಯಾಬ್ ಟೆಕ್ನಿಷಿಯನ್ ತರಬೇತಿ ಪಡೆದವನು. ಅಲ್ಲಿಂದ ಹುಟ್ಟಿದ್ದು ಶ್ರದ್ಧಾ ಸಂಸ್ಥೆ. ವಾಟ್ವಾನಿಯವರಿಗೆ 2018ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ಚಿಕಿತ್ಸೆಗೇ ನಿಲ್ಲಿಸದೆ ಗುಣವಾದವರನ್ನು ದೂರದೂರದ ಊರುಗಳ ಮನೆಬಾಗಿಲಿಗೆ ಬಿಟ್ಟುಬರುತ್ತಾರೆ.

ಮನೆ ಸಿಗದಿದ್ದರೆ? ಸಿಕ್ಕರೂ ಮನೆಯವರು ಬೇಡವೆಂದರೆ? 1993ರಲ್ಲಿ ಚೆನ್ನೈಯಲ್ಲಿ ವಂದನಾ ಗೋಪಿಕುಮಾರ್ ಮತ್ತು ವೈಷ್ಣವಿ ಜಯಕುಮಾರ್ ಶುರುಮಾಡಿದ ‘ದಿ ಬ್ಯಾನಿಯನ್’ ಸಂಸ್ಥೆ ಇದಕ್ಕೊಂದು ದಾರಿ ಹುಡುಕಿತು. ‘ಹೋಮ್ ಅಗೇನ್’ ಎಂದು ಅದರ ಹೆಸರು. ಮಾಮೂಲಿ ಬೀದಿಯಲ್ಲಿ ಒಂದು ಬಾಡಿಗೆ ಮನೆ, ನಾಲ್ಕೈದು ಜನ, ನೋಡಿಕೊಳ್ಳಲು ಒಬ್ಬರು. ತರಕಾರಿ ತರುವುದು, ಅನ್ನಕ್ಕಿಡುವುದು, ಪಕ್ಕದ ಮನೆಯವರ ಜೊತೆ ನೀರಿಗೆ ಜಗಳ, ಎಲ್ಲವೂ ಅವರದೇ. ಕಷ್ಟವಿರುವುದು ಅಂಥ ಮನೆ ಹುಡುಕುವುದರಲ್ಲಿ. ಜಾತಿ ಕೇಳಿ, ಮಾಂಸ ತಿನ್ನುತ್ತೀರಾ ಕೇಳಿ ಬಾಡಿಗೆ ಕೊಡುವ ನಮ್ಮ ಬೀದಿಗಳು ‘ಮೆಂಟಲ್’ ಎಂದು ಗೊತ್ತಾದರೆ ಕೊಡುತ್ತವೆಯೇ?

ನಮ್ಮಲ್ಲಿ ಏನೂ ಇಲ್ಲ ಎಂದಲ್ಲ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯವರು ಕನ್ನಡದಲ್ಲೇ ಮಾತಾಡುತ್ತಾರೆ. ಆದರೆ ಕಂಬದ ಜೊತೆ ಮಾತಾಡುವವನು ಫೋನ್ ಮಾಡುವುದಿಲ್ಲ, ಚೀಟಿ ಮಾಡಿಸಿ ಸಾಲಿನಲ್ಲೂ ನಿಲ್ಲುವುದಿಲ್ಲ. ಅವನ ಪರವಾಗಿ ನಿಲ್ಲಬೇಕಾದವರು ಇನ್ನೊಬ್ಬರು.

ಇದನ್ನೆಲ್ಲ ಹೇಳಿದಾಗ ಟೀ ಅಂಗಡಿಯವರು ಕೇಳಿದ್ದು ಒಂದೇ: “ಡಾಕ್ಟ್ರು ಎಷ್ಟು ಗಂಟೆಗೆ ಬರ್ತಾರೆ ಸಾರ್?” ಹತ್ತರ ಮೇಲೆ ಎಂದೆ. ಅವರು ಸ್ಟೌವಿನ ಉರಿ ಸಣ್ಣ ಮಾಡಿ ಯೋಚಿಸಿದರು. ಮಂಗಳವಾರ ನಮ್ಮೂರಲ್ಲಿ ಸಂತೆ. ವಾರದ ವ್ಯಾಪಾರವೆಲ್ಲ ಆ ಹೊತ್ತಿಗೇ.