ವೈರಮುಡಿಗೆ ವಾಕಿಟಾಕಿ ಕೊಳ್ಳುವ ಮುನ್ನ

ವೈರಮುಡಿ ರಾತ್ರಿ ಮೇಲುಕೋಟೆಯಲ್ಲಿ ಮೊಬೈಲ್ ನೋಡಿದರೆ ಸಿಗ್ನಲ್ ತುಂಬಾ ಇರುತ್ತದೆ, ಕರೆ ಮಾತ್ರ ಹೋಗುವುದಿಲ್ಲ. ಲಕ್ಷಗಟ್ಟಲೆ ಜನ ಒಂದೇ ಬೆಟ್ಟದೂರಿನಲ್ಲಿ ಒಂದೇ ಹೊತ್ತಿಗೆ ಫೋನ್ ಎತ್ತಿದರೆ ಯಾವ ಟವರ್ ತಾನೇ ತಡೆದೀತು?

ಒಂದು ವರ್ಷ ಹೊಣಕೆರೆ ಕಡೆಯಿಂದ ನಮ್ಮ ಜೊತೆ ಬಂದಿದ್ದ ಅಜ್ಜಿಯೊಬ್ಬರು ಕಲ್ಯಾಣಿ ಹತ್ತಿರ ಗುಂಪಿನಿಂದ ತಪ್ಪಿಹೋದರು. ಸಕ್ಕರೆ ಕಾಯಿಲೆಯವರು, ಮಾತ್ರೆ ಇದ್ದದ್ದು ಮಗನ ಜೇಬಿನಲ್ಲಿ. 'ಅವ್ವ ಎಲ್ಲವ್ಳೆ, ನೋಡಿದ್ರಾ' ಅಂತ ಆತ ಸಿಕ್ಕಸಿಕ್ಕವರನ್ನೆಲ್ಲ ಕೇಳುತ್ತಿದ್ದ. ಸುದ್ದಿ ಮಾಡಲು ಹೋದ ನಾವೂ ಸುದ್ದಿ ಬಿಟ್ಟು ಹುಡುಕಿದೆವು. ಕೊನೆಗೆ ಅಜ್ಜಿ ಸಿಕ್ಕಿದ್ದು ಬಸ್ಸು ನಿಲ್ಲುವ ಕಡೆ, ಯಾರದೋ ಜಮಖಾನದ ಮೇಲೆ, ಕೈಕಾಲು ನಡುಗುತ್ತ. ನಮ್ಮೂರಿನ ಹುಡುಗನೊಬ್ಬ ಹನ್ನೊಂದು ಗಂಟೆಗೇ ಅವರನ್ನು ನೋಡಿ ವಾಟ್ಸಾಪ್‌ಗೆ ಹಾಕಿದ್ದನಂತೆ. ಆ ಸಂದೇಶ ನಮಗೆ ಬಂದದ್ದು ಬೆಳಗಿನ ಜಾವ ಮೂರೂವರೆಗೆ, ಜನ ಕರಗಿದ ಮೇಲೆ, ಇನ್ನಿಪ್ಪತ್ತು ಸಂದೇಶಗಳ ಜೊತೆ.

ಈಗ ನಮ್ಮ ಸುತ್ತಿನ ಯುವಕ ಸಂಘಗಳಲ್ಲಿ, ಅನ್ನದಾನದ ತಂಡಗಳಲ್ಲಿ ವಾಕಿಟಾಕಿ ಮಾತು ಶುರುವಾಗಿದೆ. ಅದಕ್ಕೆ ಟವರ್ ಬೇಡ, ಸಿಮ್ ಬೇಡ, ಒಂದು ಸೆಟ್ಟಿನಿಂದ ಇನ್ನೊಂದಕ್ಕೆ ಮಾತು ನೇರ ಹೋಗುತ್ತದೆ. ಆಲೋಚನೆ ಸರಿ. ಆದರೆ ಹುಡುಗರು ನಮಗೆ ತೋರಿಸುತ್ತಿರುವ ಸೆಟ್ಟುಗಳು ಸರಿಯಿಲ್ಲ.

ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ನಾಲ್ಕೈದು ವ್ಯಾಟ್‌ನ ಸೆಟ್ಟು ಎಲ್ಲರ ಕಣ್ಣಿಗೂ ಬೀಳುತ್ತದೆ. ಯಾವ ತರಂಗಕ್ಕೆ ಬೇಕಾದರೂ ತಿರುಗಿಸಬಹುದು ಅನ್ನುವುದೇ ಅದರ ಆಕರ್ಷಣೆ, ಅದೇ ಅದರ ಅಪಾಯ ಕೂಡ. ತಿಳಿಯದೆ ತಿರುಗಿಸಿ ಪೊಲೀಸರದೋ ಆಂಬುಲೆನ್ಸ್‌ನದೋ ಮಾತಿನ ಮಧ್ಯೆ ನುಗ್ಗಿದರೆ? ನೂಕುನುಗ್ಗಲಾಗುವ ರಾತ್ರಿ ಅದು, ಆಟದ ವಿಷಯವಲ್ಲ. ನಮ್ಮ ದೇಶದಲ್ಲಿ 2018ರ ನಿಯಮದ ಪ್ರಕಾರ 446.0ರಿಂದ 446.2 ಮೆಗಾಹರ್ಟ್ಸ್ ಒಳಗೆ, ಅರ್ಧ ವ್ಯಾಟ್ ಮೀರದ ಸೆಟ್ಟಿಗೆ ಲೈಸೆನ್ಸ್ ಬೇಡ. ಆ ಮಾದರಿಗೆ ಇಟಿಎ ಪ್ರಮಾಣಪತ್ರ ಇರಬೇಕು, ಅಷ್ಟೆ. ಲೈಸೆನ್ಸ್ ಬೇಕಾದ ಸೆಟ್ಟುಗಳನ್ನು ಅದನ್ನು ಹೇಳದೆಯೇ ಮಾರುತ್ತಿದ್ದರಿಂದಲೇ 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟಕ್ಕೆ ಮಾರ್ಗಸೂಚಿ ತಂದಿತು. ಕೊಳ್ಳುವಾಗ ತರಂಗ ಎಷ್ಟು, ಇಟಿಎ ಇದೆಯಾ, ಈ ಎರಡನ್ನೂ ಕೇಳಿ. ಮಾರುವವರು ತಡವರಿಸಿದರೆ ಬಿಟ್ಟುಬಿಡಿ.

ಇನ್ನೊಂದು ದಾರಿ ಅಮೆರಿಕದ ನೆಂಟರದ್ದು. ಅಲ್ಲಿ ಹಿಮದ ಗುಡ್ಡದ ಮೇಲೆ ಜಾರುವ ಆಟಕ್ಕೆ ಹೋದಾಗ ಮನೆಯವರೆಲ್ಲ ಒಂದೊಂದು ಸೆಟ್ಟು ಸಿಕ್ಕಿಸಿಕೊಂಡಿರುತ್ತಾರೆ. ರಜೆಗೆ ಬಂದವರು ಹಳೆಯ ಜೋಡಿಯೊಂದನ್ನು ಪ್ರೀತಿಯಿಂದ ಕೊಟ್ಟು ಹೋಗುತ್ತಾರೆ. ಆದರೆ ಅವು 462, 467 ಮೆಗಾಹರ್ಟ್ಸ್‌ನಲ್ಲಿ ಮಾತಾಡುವವು. ಅಲ್ಲಿ ಲೈಸೆನ್ಸ್ ಬೇಡ ಅಂದಮಾತ್ರಕ್ಕೆ ಇಲ್ಲಿ ಬೇಡ ಅಂತಲ್ಲ. ಯುರೋಪಿನ ಹಿಮದಲ್ಲಿ ಬಳಸುವ ಸೆಟ್ಟುಗಳು ಮಾತ್ರ ನಮ್ಮಂತೆ 446ರವು. ಹಿಮದವರಿಂದ ನಾವು ಕಲಿಯಬಹುದಾದ್ದೂ ಇದೆ: ಕೈಗವಸು ಹಾಕಿಕೊಂಡೇ ಒತ್ತಬಲ್ಲ ದಪ್ಪ ಗುಂಡಿ, ಬಿದ್ದರೂ ಕಳೆಯದಂತೆ ದಾರ, ಕೈಯಲ್ಲಿ ಒಂದು ಜೊತೆ ಹೆಚ್ಚಿನ ಬ್ಯಾಟರಿ. ಕತ್ತಲಲ್ಲಿ, ನೂಕಾಟದಲ್ಲಿ ನಮಗೂ ಬೇಕಾದವೇ.

ಡಬ್ಬದ ಮೇಲಿನ ಕಿಲೋಮೀಟರ್ ಲೆಕ್ಕ ನಂಬಬೇಡಿ. ಒಂದು ಬೆಟ್ಟದ ತುದಿಯಿಂದ ಇನ್ನೊಂದಕ್ಕೆ, ನಡುವೆ ಏನೂ ಇಲ್ಲದಾಗಿನ ಮಾತದು. ಮೇಲುಕೋಟೆಯಲ್ಲಿ ಬಂಡೆ, ಕಲ್ಲುಮಂಟಪ, ಒತ್ತೊತ್ತಾಗಿ ನಿಂತ ಜನ, ಎಲ್ಲವೂ ತರಂಗವನ್ನು ತಿನ್ನುತ್ತವೆ. ನಾವು ಉತ್ಸವಕ್ಕೆ ಮುಂಚೆ ಒಂದು ಭಾನುವಾರ ಹೋಗಿ ನೋಡಿದೆವು. ಕಲ್ಯಾಣಿ ಮೆಟ್ಟಿಲಿನ ಕೆಳಗಿಳಿದರೆ ಬಸ್ಸಿನ ಕಡೆಯವರ ಮಾತು ಕೇಳಲಿಲ್ಲ. ಯೋಗಾನರಸಿಂಹ ಬೆಟ್ಟದ ಮೆಟ್ಟಿಲ ಮೇಲೆ ಒಬ್ಬರನ್ನು ನಿಲ್ಲಿಸಿದೆವು. ಅವರಿಗೆ ಇಬ್ಬರದೂ ಕೇಳಿತು, ಇಬ್ಬರಿಗೂ ದಾಟಿಸಿದರು. ಆ ಒಬ್ಬರ ಜಾಗ ಗೊತ್ತಾದದ್ದೇ ಸೆಟ್ಟಿಗಿಂತ ದೊಡ್ಡ ಲಾಭ.

ಮಾತಾಡುವುದಕ್ಕೂ ಅಭ್ಯಾಸ ಬೇಕು. ಫೋನಿನ ಹಾಗೆ ಇಬ್ಬರೂ ಒಟ್ಟಿಗೆ ಮಾತಾಡಲು ಆಗದು. ಗುಂಡಿ ಒತ್ತಿ, ಒಂದು ಕ್ಷಣ ತಡೆದು, ಹೆಸರು ಹೇಳಿ, ವಿಷಯ ಮುಗಿಸಿ ಗುಂಡಿ ಬಿಡಬೇಕು. ನಮ್ಮ ಹುಡುಗರು ಮೊದಲ ದಿನ 'ಊಟ ಆಯ್ತಾ' ಅಂತಲೇ ಅರ್ಧ ಗಂಟೆ ಕಳೆದರು, ಇರಲಿ. ಉಪಸಂಖ್ಯೆ ಹಾಕಿದರೆ ಗುಟ್ಟಾಗುತ್ತದೆ ಅನ್ನುವುದೂ ತಪ್ಪು. ಬೇರೆಯವರ ಮಾತು ನಮಗೆ ಕೇಳುವುದಿಲ್ಲ, ನಮ್ಮದು ಅವರಿಗೆ ಕೇಳೀತು. ಹಾಗಾಗಿ ಒಬ್ಬರ ಕಾಯಿಲೆ, ಫೋನ್ ನಂಬರು ಅದರಲ್ಲಿ ಹೇಳಬೇಡಿ. ತಮಟೆ, ನಾದಸ್ವರದ ಸದ್ದಿಗೆ ಕಿವಿಗೆ ಸಿಕ್ಕಿಸುವ ಇಯರ್‌ಫೋನ್ ಬೇಕೇ ಬೇಕು.

'ಪೊಲೀಸರ ವೈರ್‌ಲೆಸ್ ಇದೆಯಲ್ಲ, ನಿಮಗ್ಯಾಕ್ರೀ' ಅನ್ನುವವರಿದ್ದಾರೆ. ಅವರದು ಇಡೀ ಜಾತ್ರೆಯ ಕೆಲಸ, ನಮ್ಮ ಟ್ರ್ಯಾಕ್ಟರ್‌ನಲ್ಲಿ ಬಂದ ನಲವತ್ತು ಜನರಲ್ಲಿ ಯಾರು ಕಾಣುತ್ತಿಲ್ಲ ಅನ್ನುವುದು ಅವರಿಗೆ ತಿಳಿಯುವುದು ಹೇಗೆ? ಹಾಗಂತ ಪ್ರತಿ ಮನೆಯೂ ಕೊಳ್ಳಬೇಕಿಲ್ಲ. ಊರಿಗೆ ನಾಲ್ಕು ಸೆಟ್ಟು ಸಾಕು, ಗ್ರಾಮ ಪಂಚಾಯಿತಿಯೋ ಸಹಕಾರ ಸಂಘವೋ ಕೊಂಡು ಇಟ್ಟುಕೊಳ್ಳಲಿ ಅನ್ನುವುದು ನಮ್ಮ ಅಭಿಪ್ರಾಯ. ಚಿರತೆ ಬಂತು ಅಂತ ಕಬ್ಬಿನ ಗದ್ದೆ ಸುತ್ತುವ ರಾತ್ರಿಗೂ ಅವೇ ಆದಾವು.

ಈ ಸಲ ನಾಲ್ಕು ಸೆಟ್ಟುಗಳಿವೆ: ಬಸ್ಸಿನ ಹತ್ತಿರ ಒಂದು, ಕಲ್ಯಾಣಿಗೆ ಒಂದು, ದೇವಸ್ಥಾನದ ಬೀದಿಗೆ ಒಂದು, ಬೆಟ್ಟದ ಮೆಟ್ಟಿಲಿಗೆ ಒಂದು. ಅಜ್ಜಿ ಕೈಗೂ ಒಂದು ಕೊಡೋಣ ಅಂತ ಮೊಮ್ಮಗ ಹಟ ಹಿಡಿದಿದ್ದಾನೆ. ಅವರು ಬೇಡ ಅಂದರು. ಊರಿನ ಹೆಸರು, ಮಗನ ನಂಬರು ಬರೆದ ಚೀಟಿಯನ್ನು ಮಾತ್ರೆಯ ಜೊತೆ ಸೆರಗಿಗೆ ಕಟ್ಟಿಕೊಡಿ, ಸಾಕು ಅಂದರು.