ಹೆಸರಿಲ್ಲದ ಗುಂಡಿಗಳ ಅಂಗಡಿ

ಬಿಳಿ ಕೋಲು, ಮಾತನಾಡುವ ಗಡಿಯಾರ ಇವೆಲ್ಲ ಪಿರಿಯಾಪಟ್ಟಣದ ಫ್ಯಾನ್ಸಿ ಸ್ಟೋರಿನಲ್ಲೋ ಎಚ್.ಡಿ. ಕೋಟೆಯ ಸಂತೆಯಲ್ಲೋ ಸಿಗುವ ಸಾಮಾನುಗಳಲ್ಲ. ಬಸ್ಸು ಹತ್ತಿ ಮೈಸೂರಿಗೇ ಹೋಗಬೇಕು. ಜೊತೆಗೊಬ್ಬರು ಬೇಕು, ಅವರ ಒಂದು ದಿನದ ಕೂಲಿಯೂ ಹೋಯಿತು. ಆನ್‌ಲೈನ್ ಅಂಗಡಿ ಯಾರಿಗಾದರೂ ಅನುಕೂಲವಾಗಬೇಕಿದ್ದರೆ ಹುಣಸೂರು ಸೀಮೆಯ ಅಂಧರಿಗೆ ಮೊದಲು ಆಗಬೇಕಿತ್ತು. ಆಗಿಲ್ಲ. ತಪ್ಪು ಅಂಗಡಿ ಕಟ್ಟಿದವರದು, ಅವರನ್ನು ಕೇಳದೆ ಬಿಟ್ಟ ಸರ್ಕಾರದ್ದು.

ಅನುಮಾನವಿದ್ದರೆ ಫೋನಿನಲ್ಲಿ ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿ, ಕಣ್ಣು ಮುಚ್ಚಿಕೊಂಡು ಒಂದು ಸೀರೆ ಕೊಳ್ಳಲು ಹೋಗಿ. ಅಡ್ಡಾದಿಡ್ಡಿ ಕಟ್ಟಿದ ಆ್ಯಪ್ ಆದರೆ ಸೀರೆಯ ಚಿತ್ರದ ಮೇಲೆ ಬೆರಳಿಟ್ಟಾಗ ‘ಇಮೇಜ್’ ಎಂದಷ್ಟೇ ಕೇಳುತ್ತದೆ. ಕೆ.ಆರ್. ನಗರದ ಜವಳಿ ಅಂಗಡಿಯವನಾದರೆ ಸೆರಗನ್ನು ಕೈಗೆ ಕೊಟ್ಟು, ‘ಅಕ್ಕ, ಮೈಯೆಲ್ಲ ಗಿಳಿಹಸಿರು, ಜರಿ ಎರಡು ಇಂಚು ಬಂದದೆ’ ಅನ್ನುತ್ತಾನೆ. ಹಾಗೂ ಹೀಗೂ ಆರಿಸಿ ಮುಂದಕ್ಕೆ ಹೋದರೆ ‘ಅನ್‌ಲೇಬಲ್ಡ್ ಬಟನ್’, ಅದರ ಪಕ್ಕ ಇನ್ನೊಂದು ‘ಅನ್‌ಲೇಬಲ್ಡ್ ಬಟನ್’. ಯಾವುದು ಕೊಳ್ಳುವುದು, ಯಾವುದು ರದ್ದು ಮಾಡುವುದು? ಕೊನೆಗೆ ಪಕ್ಕದ ಮನೆಯ ಹುಡುಗನನ್ನು ಕರೆದು, ‘ಮಗ, ನೀನೇ ಒತ್ಬುಡು, ಪಿನ್ನು ಹೇಳ್ತೀನಿ’ ಎನ್ನಬೇಕು. ಪಿನ್ ಯಾರಿಗೂ ಹೇಳಬೇಡಿ ಎಂದು ಬ್ಯಾಂಕು ದಿನಾ ಮೆಸೇಜು ಕಳಿಸುತ್ತಿರುತ್ತದೆ!

ಗುಂಡಿಗೊಂದು ಹೆಸರು ಬರೆಯಲು ಕೋಟಿ ರೂಪಾಯಿ ಬೇಡ, ಕೋಡಿನಲ್ಲಿ ಎರಡು ಪದ ಸಾಕು. ಕೆಲವು ಕಂಪನಿಗಳು ಸುಧಾರಿಸಿವೆ, ಒಪ್ಪೋಣ. ಆದರೆ ಅಪ್‌ಡೇಟ್ ಬಂದ ಮಾರನೆಯ ದಿನ, ನಿನ್ನೆ ಮಾತನಾಡಿದ ಗುಂಡಿಗೆ ಇಂದು ದನಿಯಿಲ್ಲ ಎಂದರೆ ಅದನ್ನು ಸುಧಾರಣೆ ಎನ್ನಲಾಗದು.

ಕಾನೂನು ಇಲ್ಲವೆಂಬ ನೆಪವೂ ಇಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದು, ನಿಯಮ 2017ರದು. ಅಂಗವಿಕಲರೂ ಬಳಸಬಲ್ಲ ಮಾನದಂಡಕ್ಕೆ ಸೇವೆಯನ್ನು ತರಲು, ಸೇವೆ ಕೊಡುವವರಿಗೆ ಕಾಯ್ದೆ ಕೊಟ್ಟದ್ದು ಎರಡು ವರ್ಷ. ಈ ಮಾನದಂಡಗಳನ್ನು ಬರೀ ಸಲಹೆಯಂತೆ ಇಟ್ಟಿದ್ದ 15ನೇ ನಿಯಮವನ್ನು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು, ರಾಜೀವ್ ರಾತುರಿ ಪ್ರಕರಣದಲ್ಲಿ ತಳ್ಳಿಹಾಕಿ, ಮೂರು ತಿಂಗಳಲ್ಲಿ ಕಡ್ಡಾಯ ನಿಯಮ ತನ್ನಿ ಎಂದಿತು. ಆ ಗಡುವು ಎಂದೋ ಮುಗಿಯಿತು. 2025ರ ಏಪ್ರಿಲ್ 30ರಂದು ಅದೇ ಕೋರ್ಟು ಡಿಜಿಟಲ್ ಸೇವೆ ಪಡೆಯುವುದು 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದೂ ಹೇಳಿತು. ಯುರೋಪಿನಲ್ಲಿ 2025ರ ಜೂನ್ 28ರಿಂದ ಆನ್‌ಲೈನ್ ಮಾರಾಟಕ್ಕೇ ಇಂಥ ಕಟ್ಟಳೆ ಜಾರಿಯಲ್ಲಿದೆ. ನಮ್ಮಲ್ಲಿ ಮೊದಲ ತಪ್ಪಿಗೆ ದಂಡ ಹೆಚ್ಚೆಂದರೆ 10,000 ರೂಪಾಯಿ. ಕಂಪನಿಗಳಿಗೆ ಅದು ಹಬ್ಬದ ಸೇಲಿನಲ್ಲಿ ಮಾರುವ ಒಂದು ಫೋನಿನ ಬೆಲೆ.

ರಾಜ್ಯ ಸರ್ಕಾರ ಅಂಧ ವಿದ್ಯಾರ್ಥಿಗಳಿಗೆ ಮಾತನಾಡುವ ಲ್ಯಾಪ್‌ಟಾಪ್ ಕೊಡುತ್ತದೆ. ಅದರಲ್ಲಿ ತೆರೆಯುವ ಅಂಗಡಿ ಮಾತನಾಡುತ್ತದೆಯೇ ಎಂದು ಕೇಳುವುದಿಲ್ಲ. ಆ ಕಂಪನಿಗಳಲ್ಲಿ ಕೆಲವು ಬೆಂಗಳೂರಿನಲ್ಲೇ ಇವೆ, ನೋಟಿಸು ಕಳಿಸಲು ದೆಹಲಿಯ ಅಂಚೆ ಬೇಕಿಲ್ಲ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗೆ, ಅಂದರೆ ವಿಆರ್‌ಡಬ್ಲ್ಯುಗೆ ಯಾವ ಮನೆಯಲ್ಲಿ ಅಂಧರಿದ್ದಾರೆಂದು ಗೊತ್ತು. ದೂರನ್ನು ಅವರೇ ಕನ್ನಡದಲ್ಲಿ ಬರೆದುಕೊಳ್ಳಲಿ, ಅಂಗವಿಕಲರ ರಾಜ್ಯ ಆಯುಕ್ತರು ವಿಚಾರಣೆಯನ್ನು ಹುಣಸೂರಿನಲ್ಲೇ ಇಡಲಿ. ಕಂಪನಿಯವರು ಬರುವಾಗ ತಮ್ಮ ಆ್ಯಪ್ ತರಲಿ. ಅದನ್ನು ಪರೀಕ್ಷಿಸುವ ಫೋನು ದೂರುದಾರರ ಕೈಯಲ್ಲಿರಲಿ.