ಡಂಗುರ ಸಾರಿದವರ ಕೇರಿಗೇ ಸುದ್ದಿ ಬರಲ್ಲ



ಮಂಗಳೂರಿನ ರಿಫೈನರಿಯಿಂದ ಪೆಟ್ರೋಲ್, ಡೀಸೆಲ್ ನಮ್ಮ ಹಾಸನಕ್ಕೆ ನೆಲದೊಳಗಿನ ಕೊಳವೆಯಲ್ಲಿ ಬರುತ್ತೆ. ಮಂಗಳೂರು-ಹಾಸನ-ಬೆಂಗಳೂರು ಪೈಪ್‌ಲೈನ್, ಸುಮಾರು 360 ಕಿಲೋಮೀಟರ್, 2003ರಿಂದ ನಡೀತಿದೆ. ಹಾಸನದ ಟ್ಯಾಂಕ್‌ಗಳಲ್ಲಿ ಇಳಿದು ಅಲ್ಲಿಂದ ಲಾರಿ ಹತ್ತುತ್ತೆ. ಆಮೇಲೆ ಮೈಸೂರು, ಸೋಲೂರಿನ ಕಡೆ ಹೋಗೋ ಎಲ್‌ಪಿಜಿ ಕೊಳವೆನೂ ಹಾಸನದ ಮೇಲೇ ಬಂತು.

ಇದೆಲ್ಲ ಬೇಡ ಅಂತಿಲ್ಲ. ನಾನೂ ಬೈಕಿಗೆ ಪೆಟ್ರೋಲ್ ಹಾಕಿಸೋನೇ. ಆದರೆ 2009ರಲ್ಲಿ ಜೈಪುರದ ಎಣ್ಣೆ ಡಿಪೋ ದಿನಗಟ್ಟಲೆ ಉರಿದಿದ್ದನ್ನ ಮರೆಯೋಕಾಗಲ್ಲ. ನಾಳೆ ನಮ್ಮ ಊರ ಪಕ್ಕ ಇನ್ನೊಂದು ದೊಡ್ಡ ಡಿಪೋ ಬಂದರೆ, ಕೇರಿಯವರನ್ನ ಯಾರು ಕೇಳ್ತಾರೆ?

ಕೇಳಬೇಕು ಅಂತ ನಿಯಮ ಇದೆ. 2006ರ ಸೆಪ್ಟೆಂಬರ್ 14ರ ಕೇಂದ್ರದ ಅಧಿಸೂಚನೆ ಪ್ರಕಾರ ಸಾರ್ವಜನಿಕ ವಿಚಾರಣೆಗೆ 30 ದಿನ ಮೊದಲೇ ನೋಟಿಸ್ ಕೊಡಬೇಕು. ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಹಿರಿಯ ಅಧಿಕಾರಿ ಕೂರಬೇಕು, ಎಲ್ಲ ವಿಡಿಯೋ ಆಗಬೇಕು. ಓದೋಕೆ ಚೆನ್ನಾಗಿದೆ. ಆದರೆ ನೋಟಿಸ್ ಬರೋದು ಪೇಪರ್‌ನಲ್ಲಿ. ಪೂರ್ತಿ ವರದಿ ಇಂಗ್ಲಿಷ್‌ನಲ್ಲಿ, ಕನ್ನಡದಲ್ಲಿ ಬರೀ ಸಾರಾಂಶ. ವರದಿ ಇಡೋದು ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯತಿ ಇಂಥ ಕಡೆ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆಯ ಕೂಲಿಯವರು ಒಂದು ದಿನದ ದುಡಿಮೆ ಬಿಟ್ಟು, ಬಸ್ ಹತ್ತಿ ಬಂದು, ಇಂಗ್ಲಿಷ್ ವರದಿ ತಿರುವಿ ಹಾಕ್ತಾರಾ? ಇನ್ನೊಂದು ವಿಷಯ: ವಿಚಾರಣೆಗೆ ಇಂತಿಷ್ಟು ಜನ ಬರಲೇಬೇಕು ಅಂತ ಇಲ್ಲ. ಯಾರೂ ಬರದಿದ್ರೂ ಅದು ನಡೆದ ಹಾಗೇ.

ನಾನು ಗುಮಾಸ್ತ. ನೋಟಿಸ್ ಬೋರ್ಡಿಗೆ ಅಂಟಿಸೋ ಕೆಲಸ ನನ್ನ ಕೈಲೇ ಎಷ್ಟೋ ಸಲ ಆಗಿದೆ. ಅಂಟಿಸಿದ ದಿನ, ಸಹಿ, ಸೀಲು, ಎಲ್ಲ ಫೈಲಿಗೆ ಹೋಗುತ್ತೆ. ಓದಿದವರು ಎಷ್ಟು ಜನ ಅಂತ ಬರೆಯೋ ಕಾಲಂ ಯಾವ ಫೈಲಲ್ಲೂ ನಾನು ನೋಡಿಲ್ಲ.

ಭಾಷೆಯ ಮಾತು ಸಣ್ಣದು ಅಂದುಕೋಬೇಡಿ. 2020ರಲ್ಲಿ ಈ ನಿಯಮವನ್ನೇ ಬದಲಿಸೋ ಕರಡು ಬಂತು. ಅದು ಸ್ಥಳೀಯ ಭಾಷೆಗಳಲ್ಲಿ ಜನಕ್ಕೆ ತಲುಪಿಲ್ಲ ಅನ್ನೋ ಪ್ರಶ್ನೆ ಎದ್ದು, ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆ ಹೊರಡಿಸದಂತೆ ತಡೆಯಿತು. ಅರ್ಥ ಆಗದ ಕಾಗದ ತೋರಿಸಿದರೆ ಕೇಳಿದ ಹಾಗಾಗಲ್ಲ.

ತಮಾಷೆ ಏನು ಗೊತ್ತಾ? ಪೇಪರ್ ತಲುಪದ ಕಡೆ ಡಂಗುರ ಸಾರಿ ತಿಳಿಸಬೇಕು ಅನ್ನೋ ಮಾತು ಆ ನಿಯಮದಲ್ಲೇ ಇದೆ! ಡಂಗುರ. ನಮ್ಮ ತಾತ, ಮುತ್ತಾತಂದಿರು ತಮಟೆ ಹೊಡೆದು ಊರಿಗೆಲ್ಲ ಸುದ್ದಿ ಮುಟ್ಟಿಸಿದರು. ಇವತ್ತು ಅದೇ ಕೇರಿಗೆ ಸುದ್ದಿ ಕೊನೆಗೆ ಬರುತ್ತೆ, ಇಲ್ಲಾ ಬರೋದೇ ಇಲ್ಲ.

ಹಾಗಂತ ಮತ್ತೆ ನಮ್ಮೋರ ಕೈಗೇ ತಮಟೆ ಕೊಟ್ಟು ಬಿಟ್ಟಿ ಚಾಕರಿ ಮಾಡಿಸಬೇಡಿ. ಆಟೋಗೆ ಮೈಕ್ ಕಟ್ಟಿ ಪ್ರತಿ ಕೇರಿಗೆ ಕಳಿಸಿ. ಪೂರ್ತಿ ವರದಿ ಕನ್ನಡದಲ್ಲಿ ಗ್ರಾಮ ಪಂಚಾಯತಿಯಲ್ಲಿಡಿ. ಬೆಂಕಿ ಬಿದ್ದರೆ ಯಾವ ದಾರಿಯಲ್ಲಿ ಓಡಬೇಕು, ಬಾವಿ ನೀರು ಕೆಟ್ಟರೆ ಯಾರನ್ನ ಕೇಳಬೇಕು ಅಂತ ಕೇರಿಯಲ್ಲೇ ಓದಿ ಹೇಳಿ.

ನಾವೂ ಸುಮ್ಮನೆ ಕೂರೋದು ಬೇಡ. ನಿಮ್ಮ ತಾಲ್ಲೂಕಲ್ಲಿ ಇಂಥ ನೋಟಿಸ್ ಕಂಡರೆ ಫೋಟೋ ತೆಗೆದು ಗ್ರೂಪಿಗೆ ಹಾಕಿ. ಓದೋಕೆ ಬರೋರು ಬರದೋರಿಗೆ ಓದಿ ಹೇಳಿ. ಮಾತಾಡೋಕೆ ಭಯವಾದರೆ ಬರೆದು ಕೊಡಿ, ಲಿಖಿತ ಆಕ್ಷೇಪಣೆನೂ ದಾಖಲಾಗಬೇಕು. ಸ್ವೀಕೃತಿ ಸೀಲು ಹಾಕಿಸ್ಕೊಳ್ಳೋದು ಮಾತ್ರ ಮರೀಬೇಡಿ. ಗುಮಾಸ್ತನ ಮಾತು ಇದು, ಕೇಳಿ.

ಜೈಭೀಮ್.